ಮೊದಲು ಬೆನ್ನು ತೋರಿಸಿ

ಲಂಡನ್ನಿನ ಹಳೆ ಒಡವೆ ಅಂಗಡಿಗೆ ಹೊಕ್ಕ ನಮ್ಮವರು ಮೊದಲು ಕೇಳುವುದು ಎಷ್ಟು ಕ್ಯಾರಟ್ ಎಂದು, ಆಮೇಲೆ ಎಷ್ಟು ಗ್ರಾಂ ಎಂದು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಇವೆರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ವ್ಯಾಪಾರ ಮುಗಿಯಿತು. ಉಳಿಯುವುದು ಮಜೂರಿ, ವೇಸ್ಟೇಜುಗಳ ಚೌಕಾಸಿ ಮಾತ್ರ. 1905ರ ಸುಮಾರಿನ ಪ್ಲಾಟಿನಂ ಬ್ರೂಚಿನ ಮುಂದೆ ಈ ಲೆಕ್ಕ ಕೈಕೊಡುತ್ತದೆ. ಅದರಲ್ಲಿ ಲೋಹ ಇರುವುದೇ ಕೆಲವು ಗ್ರಾಂ. ವಜ್ರಗಳಲ್ಲಿ ಬಹುಪಾಲು ಬಿಡಿಯಾಗಿ ಕೊಟ್ಟರೆ ಯಾರೂ ಲಕ್ಷ್ಯ ಕೊಡದ ಚೂರುಗಳು. ನಾವು ಚೌಕಾಸಿಯಲ್ಲಿ ಕಡಿಮೆ ಮಾಡಿಸಿಕೊಳ್ಳುವ ಮಜೂರಿ ಎಂಬ ಬಾಬ್ತೇ ಅಲ್ಲಿ ಅಸಲು ಸರಕು. ಅದು ಕಾಣುವುದು ಒಡವೆಯ ಬೆನ್ನಿನಲ್ಲಿ. ಅದಕ್ಕೇ ಅಂಗಡಿಯವರು ಮಖಮಲ್ಲಿನ ತಟ್ಟೆ ಮುಂದಿಟ್ಟ ಕೂಡಲೇ ಒಡವೆಯನ್ನು ತಿರುವಿ ಹಾಕಿ ಎನ್ನುತ್ತೇನೆ. (ನಮ್ಮ ಮಳಿಗೆಗಳಲ್ಲಿ ಆಂಟಿಕ್ ಎಂದು ಮಾರುವ, ಕಪ್ಪು ಪಾಲಿಶ್ ಕೊಟ್ಟ ಹೊಸ ಟೆಂಪಲ್ ಹಾರಗಳಿಗೂ ಈ ಅಂಕಣಕ್ಕೂ ಸಂಬಂಧವಿಲ್ಲ.)

ಪ್ಲಾಟಿನಂ ಬರುವ ಮುಂಚೆ ಯುರೋಪಿನವರು ವಜ್ರವನ್ನು ಬಹುಮಟ್ಟಿಗೆ ಬೆಳ್ಳಿಯಲ್ಲಿ ಕಟ್ಟುತ್ತಿದ್ದರು. ಚಿನ್ನದ ಹಳದಿ ಕಲ್ಲಿನೊಳಗೆ ಇಣುಕುತ್ತದೆಂಬುದು ಅವರ ತಕರಾರು. ಬೆಳ್ಳಿ ಕಪ್ಪಾಗುತ್ತದೆ, ಮೈಗೂ ಬಟ್ಟೆಗೂ ಮಸಿ ಹತ್ತಿಸುತ್ತದೆ. ಆದ್ದರಿಂದ ಹಿಂಬದಿಗೆ ಚಿನ್ನದ ತಗಡು ಬೆಸೆಯುತ್ತಿದ್ದರು. ಮೆತ್ತಗಿನ ಲೋಹವಾದ್ದರಿಂದ ಕಲ್ಲು ನಿಲ್ಲಬೇಕಾದರೆ ದಪ್ಪವೂ ಇರಬೇಕಿತ್ತು. ಪ್ಲಾಟಿನಂ ಕಪ್ಪಾಗುವುದಿಲ್ಲ, ಸಣ್ಣ ತಂತಿಯಾಗಿ ಎಳೆದರೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತೊಡಕೆಂದರೆ ಅದನ್ನು ಕರಗಿಸುವುದು. ಚಿನ್ನಕ್ಕೆ 1,064 ಡಿಗ್ರಿ ಸೆಲ್ಸಿಯಸ್ ಸಾಕು, ಇದಕ್ಕೆ 1,768 ಬೇಕು. ಆಮ್ಲಜನಕ ಊದಿ ಉರಿಸುವ ಜ್ವಾಲೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಕ್ಕಸಾಲಿಗನ ಕೈಗೆ ಬಂದಮೇಲೆಯೇ ಇದು ಒಡವೆಯ ಲೋಹವಾಯಿತು. ಕಾರ್ತಿಯೇ ಮನೆತನ 1899ರಲ್ಲಿ ಪ್ಯಾರಿಸ್ಸಿನ ರೂ ದ ಲಾ ಪೇ ಬೀದಿಗೆ ಅಂಗಡಿ ಬದಲಿಸಿತು. ಅಲ್ಲಿ ಲೂಯಿ ಕಾರ್ತಿಯೇ ಬಳ್ಳಿ, ಹೂಮಾಲೆ, ರಿಬ್ಬನ್ ಗಂಟುಗಳನ್ನೆಲ್ಲ ಪ್ಲಾಟಿನಂನಲ್ಲಿ ಲೇಸಿನಷ್ಟು ತೆಳುವಾಗಿ ಮಾಡಿಸಿದ. ಅರಮನೆಗಳೂ ಅಮೆರಿಕದ ರೈಲ್ವೆ ಶ್ರೀಮಂತರೂ ಅದಕ್ಕೆ ಮುಗಿಬಿದ್ದರು.

ಆ ಕಾಲದ ಒಳ್ಳೆಯ ಬ್ರೂಚಿನ ಬೆನ್ನು ಹೇಗಿರುತ್ತದೆ? ಪ್ರತಿ ಕಲ್ಲಿನ ಹಿಂದೆಯೂ ಬೆಳಕು ಬರಲೆಂದು ಕೊರೆದ ರಂಧ್ರ. ಆ ರಂಧ್ರವನ್ನು ಕೂದಲೆಳೆಯ ಗರಗಸದಿಂದ ಕೊಯ್ದು, ಚಿಕ್ಕ ಅರದಿಂದ ಉಜ್ಜಿ, ಕೊನೆಗೆ ಪಾಲಿಶ್ ಪುಡಿ ಹಚ್ಚಿದ ನೂಲನ್ನು ಅದರೊಳಗೆ ಹಾಯಿಸಿ ಎಳೆದೆಳೆದು ನುಣುಪು ಮಾಡಿರುತ್ತಾರೆ. ಯಾರೂ ನೋಡದ ಜಾಗಕ್ಕೆ ಇಷ್ಟು ದುಡಿಮೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದರೆ ರಂಧ್ರದ ಅಂಚು ಚೂಪಾಗಿ, ಒಳಗೋಡೆ ಹೊಳಪಾಗಿ ಕಾಣಬೇಕು. ಎರಡು ಕಲ್ಲುಗಳ ನಡುವಿನ ತಂತಿ ಮುಂದಿನಿಂದ ಕೂದಲಿನಷ್ಟೇ ಕಾಣುತ್ತದೆ. ತಿರುವಿದರೆ ಅದಕ್ಕೆ ಎತ್ತರವಿದೆ, ಮೇಲಂಚನ್ನು ಮಾತ್ರ ಚಾಕುವಿನ ಹಾಗೆ ಹರಿತ ಮಾಡಿದ್ದಾರೆ ಎಂದು ಗೊತ್ತಾಗುತ್ತದೆ. ಅಂಚಿನುದ್ದಕ್ಕೂ ಸಣ್ಣ ಮಣಿಗಳ ಸಾಲಿನಂತೆ ಓಡುವ ಮಿಲ್‌ಗ್ರೇನ್ ಕೆಲಸದಲ್ಲಿ ಮಣಿಗಳು ಬಿಡಿಬಿಡಿಯಾಗಿ ಎಣಿಕೆಗೆ ಸಿಗಬೇಕು.

ಇಂದು ಹಳೆಯದರ ಅಚ್ಚು ತೆಗೆದೋ ಕಂಪ್ಯೂಟರಿನಲ್ಲಿ ಬಿಡಿಸಿಯೋ ಎರಕ ಹೊಯ್ದು ಮಾಡಿದ ನಕಲುಗಳು ರಾಶಿಯಾಗಿ ಬರುತ್ತಿವೆ. ಮುಂದಿನಿಂದ ಅವು ಚೆನ್ನಾಗಿಯೇ ಮೋಸ ಮಾಡುತ್ತವೆ. ಬೆನ್ನಿಗೆ ಬಂದರೆ ರಂಧ್ರಗಳ ಒಳಗೋಡೆ ಒರಟು, ಅಂಚುಗಳು ಮೊಂಡು, ಮಣಿಗಳು ಒಂದಕ್ಕೊಂದು ಅಂಟಿಕೊಂಡ ದಿಬ್ಬಗಳು. ಅಲ್ಲಲ್ಲಿ ಎರಕದ ಸಣ್ಣ ಗುಳಿಗಳೂ ಕಾಣುತ್ತವೆ. ನಕಲನ್ನು ನಕಲೆಂದೇ ಹೇಳಿ ಮಾರಿದರೆ ನನ್ನದೇನೂ ತಕರಾರಿಲ್ಲ, ಬೆಲೆ ಮಾತ್ರ ನಕಲಿನದೇ ಇರಲಿ.

ರಿಪೇರಿಯ ಕಥೆಯೂ ಬೆನ್ನಿನಲ್ಲೇ ಬರೆದಿರುತ್ತದೆ. ಪ್ಲಾಟಿನಂ ಬೆಸೆಯುವ ಜ್ವಾಲೆ ಇಲ್ಲದವರು ಚಿನ್ನದ ಬೆಸುಗೆ ಹಾಕಿರುತ್ತಾರೆ, ಬಿಳಿಯ ಮೇಲೆ ಹಳದಿ ಗೆರೆ ಎದ್ದು ಕಾಣುತ್ತದೆ. ಅದನ್ನು ಸಹಿಸಬಹುದು. ಬೂದುಬಣ್ಣದ ಸೀಸದ ಬೆಸುಗೆಯ ಗಡ್ಡೆ ಕಂಡರೆ ಒಡವೆಯನ್ನು ತಟ್ಟೆಗೆ ವಾಪಸು ಇಟ್ಟುಬಿಡಿ. ಮುಂದೆ ಯಾರೇ ಕಾಯಿಸಿದರೂ ಆ ಸೀಸ ಒಳ್ಳೆಯ ಲೋಹವನ್ನು ತಿನ್ನುತ್ತದೆ.

ಮುದ್ರೆ ನೋಡಿ ಕೊಂಡರಾಯಿತಲ್ಲ ಎನ್ನುವವರಿಗೆ ಒಂದು ಮಾತು. ಬ್ರಿಟನ್ನಿನಲ್ಲಿ ಪ್ಲಾಟಿನಂಗೆ ಹಾಲ್‌ಮಾರ್ಕ್ ಕಡ್ಡಾಯವಾದದ್ದು 1975ರಲ್ಲಿ. ಅದಕ್ಕಿಂತ ಹಿಂದಿನ ಇಂಗ್ಲಿಷ್ ಉಂಗುರದಲ್ಲಿ 'ಪ್ಲ್ಯಾಟ್' ಎಂದು ಒತ್ತಿರಬಹುದು, ಏನೂ ಇಲ್ಲದಿರಲೂಬಹುದು. ಫ್ರಾನ್ಸಿನಲ್ಲಿ 1912ರಿಂದ ನಾಯಿಯ ತಲೆಯ ಸಣ್ಣ ಮುದ್ರೆ ಇದೆ. ಅದಕ್ಕೂ ಮುಂಚಿನ ಫ್ರೆಂಚ್ ಪ್ಲಾಟಿನಂ ಮೇಲೆ ಚಿನ್ನದ ಗುರುತಾದ ಹದ್ದಿನ ತಲೆಯನ್ನೇ ಒತ್ತಿರುವುದುಂಟು. ಅಮೆರಿಕದವುಗಳಲ್ಲಿ ನೂರಕ್ಕೆ ಹತ್ತು ಪಾಲು ಇರಿಡಿಯಂ ಬೆರೆತಿದೆ ಎಂಬ ಒತ್ತು ಸಾಮಾನ್ಯ. ಅನುಮಾನವಿದ್ದರೆ ಎಕ್ಸ್-ರೇ ಯಂತ್ರದಲ್ಲಿ ಪರೀಕ್ಷಿಸಲು ಅಂಗಡಿಯವರಿಗೇ ಹೇಳಿ. ನಮ್ಮೂರ ಕ್ಯಾರಟ್ ಮೀಟರಿನ ಜಾತಿಯದೇ ಅದು, ಒಡವೆಗೆ ಗೀರು ಬೀಳುವುದಿಲ್ಲ.

ಕಾಲ ಗುರುತಿಸುವುದಕ್ಕೆ ಎರಡು ಮಹಾಯುದ್ಧಗಳು ದೊಡ್ಡ ಸಹಾಯ. ಆಗಿನ ಪ್ಲಾಟಿನಂ ಬಹುಪಾಲು ರಷ್ಯಾದ ಉರಲ್ ಪ್ರದೇಶದಿಂದ ಬರುತ್ತಿತ್ತು. ಮೊದಲ ಯುದ್ಧ, ಅದರ ಬೆನ್ನಿಗೇ 1917ರ ಕ್ರಾಂತಿ, ಸರಬರಾಜು ಕುಸಿಯಿತು. ಸಿಡಿಮದ್ದಿಗೆ ಬೇಕಾದ ಆಮ್ಲ ತಯಾರಿಸಲು ಪ್ಲಾಟಿನಂ ಬೇಕಾದ್ದರಿಂದ ಇದ್ದಬದ್ದದ್ದೂ ಅತ್ತ ಹೋಯಿತು. ಬಿಳಿ ಚಿನ್ನ ಬಳಕೆಗೆ ಬಂದದ್ದು ಆ ಕೊರತೆಯ ದಿನಗಳಲ್ಲಿ. 1942ರಲ್ಲಿ ಅಮೆರಿಕ ಯುದ್ಧಕ್ಕಲ್ಲದೆ ಬೇರೆಯದಕ್ಕೆ ಪ್ಲಾಟಿನಂ ಬಳಸುವುದನ್ನೇ ನಿಷೇಧಿಸಿತು. 1943ರಲ್ಲಿ ನ್ಯೂಯಾರ್ಕಿನಲ್ಲಿ ಮಾಡಿದ್ದು ಎಂದು ಪ್ಲಾಟಿನಂ ಉಂಗುರ ತೋರಿಸಿದರೆ ಅಷ್ಟು ಸಲೀಸಾಗಿ ತಲೆಯಾಡಿಸಬೇಡಿ.

ಇನ್ನು ವಜ್ರ. ಹಳೆಯ ಯುರೋಪಿಯನ್ ಕಟ್ ಎಂಬ ಕಲ್ಲಿನಲ್ಲಿ ಮೇಲಿನ ಚಪ್ಪಟೆ ಮುಖ ಸಣ್ಣದು, ಭುಜ ಎತ್ತರ, ತಳದ ತುದಿಯನ್ನು ಮೊಂಡಾಗಿ ಉಜ್ಜಿರುತ್ತಾರೆ. ಮೇಲಿನಿಂದ ನೋಡಿದರೆ ನಟ್ಟನಡುವೆ ಒಂದು ಚುಕ್ಕೆ ಕಾಣುತ್ತದೆ. ಅದನ್ನು ದೋಷವೆಂದು ತಿಳಿದು ಕೈಬಿಡುವವರಿದ್ದಾರೆ. ನನಗೆ ಆ ಚುಕ್ಕೆ ಕಂಡರೇ ಖುಷಿ. ಮಾರ್ಸೆಲ್ ಟೋಲ್ಕೊವ್‌ಸ್ಕಿ ಬೆಳಕಿನ ಗಣಿತ ಹಾಕಿ ವಜ್ರದ ಅಳತೆಗಳನ್ನು ಬರೆದಿಟ್ಟದ್ದು 1919ರಲ್ಲಿ. ಅದಕ್ಕೂ ಹಿಂದಿನ ಕಲ್ಲುಗಳು ಮೇಣದಬತ್ತಿ, ಗ್ಯಾಸ್ ದೀಪಗಳ ಕಾಲದವು, ಅವುಗಳ ಮುಖಗಳು ದೊಡ್ಡವು. ಮಂದ ಬೆಳಕಿನಲ್ಲಿ ಕೆಂಪು, ನೀಲಿ, ಹಸಿರಿನ ಅಗಲವಾದ ಝಳಪು ಕೊಡುತ್ತವೆ. ಅಂಗಡಿಯ ಬಿಳಿ ದೀಪದಡಿ ಎಲ್ಲ ವಜ್ರವೂ ಕುಣಿಯುತ್ತದೆ. ಕಿಟಕಿಯ ಹತ್ತಿರ ಒಯ್ಯಿರಿ, ಆಮೇಲೆ ಕೌಂಟರಿನ ಕೆಳಗಿನ ನೆರಳಿಗೆ ಹಿಡಿಯಿರಿ.

ನಮ್ಮ ಅಜ್ಜಿಯರು ಏಳು ಕಲ್ಲಿನ ಓಲೆ ತೋರಿಸಿ 'ಬ್ಲೂ ಜಾಗರ್' ಎಂದು ಹೆಮ್ಮೆಪಡುತ್ತಿದ್ದರಲ್ಲ, ಆ ಹೆಸರು ಬಂದದ್ದು ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿಯಿಂದ. ಲಂಡನ್, ಪ್ಯಾರಿಸ್ಸುಗಳ ಪ್ಲಾಟಿನಂ ಒಡವೆಗಳಿಗೂ ಆಗ ಕಲ್ಲು ಬರುತ್ತಿದ್ದದ್ದು ಮುಖ್ಯವಾಗಿ ದಕ್ಷಿಣ ಆಫ್ರಿಕಾದ ಗಣಿಗಳಿಂದಲೇ. ನಮ್ಮವರು ಅದನ್ನು ಚಿನ್ನದಲ್ಲಿ, ಹೆಚ್ಚಾಗಿ ಹಿಂಬದಿ ಮುಚ್ಚಿ ಕಟ್ಟಿದರು. ಅವರು ಬೆನ್ನು ತೆರೆದು ಕಟ್ಟಿದರು. ಅಜ್ಜಿಯ ಓಲೆಯ ಕಲ್ಲುಗಳನ್ನು ಹತ್ತಿರದಿಂದ ನೋಡಿ ಬೆಳೆದವರಿಗೆ ಹಳೆ ಕಟ್ ಗುರುತಿಸಲು ಬೇರೆ ಪಾಠ ಬೇಡ.

ಸಣ್ಣ ಕಲ್ಲುಗಳನ್ನೂ ಬಿಡಬೇಡಿ. ಆ ಕಾಲದಲ್ಲಿ ಅವು ತಳ ಚಪ್ಪಟೆಯಾದ ರೋಸ್ ಕಟ್, ಇಲ್ಲವೇ ಮೇಲೆ 8, ಕೆಳಗೆ 8 ಮುಖಗಳ ಸಿಂಗಲ್ ಕಟ್. ಅವುಗಳ ಸಾಲಿನಲ್ಲಿ ಒಂದು ಮಾತ್ರ ಪುಡಿಪುಡಿಯಾಗಿ ಮಿನುಗಿದರೆ ಅದು ಬಿದ್ದುಹೋದ ಕಲ್ಲಿನ ಜಾಗಕ್ಕೆ ಬಂದ ಹೊಸಬ. ಎಲ್ಲವೂ ಹಾಗೆ ಮಿನುಗಿದರೆ ಒಡವೆಯೇ ಹೊಸದು. 1920ರ ದಶಕದ ಆರ್ಟ್ ಡೆಕೊ ಒಡವೆಗಳಲ್ಲಿ ವಜ್ರದ ಪಕ್ಕ ಕೂರಿಸಿದ ಕೆಂಪು, ನೀಲಿ ಪಟ್ಟಿಗಳು ಕಾರ್ಖಾನೆಯ ಕಲ್ಲಾಗಿದ್ದರೆ ಗಾಬರಿ ಬೇಡ. ವೆರ್ನೊಯ್ ಎಂಬ ಫ್ರೆಂಚ್ ವಿಜ್ಞಾನಿ ಜ್ವಾಲೆಯಲ್ಲಿ ಮಾಣಿಕ್ಯ ಬೆಳೆಸುವ ವಿಧಾನವನ್ನು 1902ರಲ್ಲೇ ಪ್ರಕಟಿಸಿದ್ದ. ಒಂದೇ ಛಾಯೆಯ ಕಲ್ಲುಗಳು ಬೇಕಾದಾಗ ಒಳ್ಳೆಯ ಕಮ್ಮಟಗಳೂ ಅವನ್ನು ಬಳಸಿದವು.

ಕಲ್ಲು ಹೋದರೆ ಒಡವೆ ಹೋಯಿತು ಎನ್ನುವವರಿಗೆ ಪಟಿಯಾಲಾದ ಕಥೆ ಹೇಳಬೇಕು. ಮಹಾರಾಜ ಭೂಪಿಂದರ್ ಸಿಂಗ್ ತನ್ನ ಖಜಾನೆಯ ಕಲ್ಲುಗಳನ್ನು ಕೊಟ್ಟು ಕಾರ್ತಿಯೇಯಿಂದ 1928ರಲ್ಲಿ ಮಾಡಿಸಿದ ಕಂಠಹಾರದಲ್ಲಿ 2,930 ವಜ್ರಗಳಿದ್ದವು. ನಡುವೆ ತೂಗುತ್ತಿದ್ದ ಡಿ ಬಿಯರ್ಸ್ ವಜ್ರವೊಂದೇ 234.65 ಕ್ಯಾರಟ್. 1948ರ ಸುಮಾರಿಗೆ ಆ ಹಾರ ಖಜಾನೆಯಿಂದ ಮಾಯವಾಯಿತು. 1982ರಲ್ಲಿ ಜಿನೀವಾದ ಸೋದಬೀಸ್ ಹರಾಜಿನಲ್ಲಿ ಆ ದೊಡ್ಡ ವಜ್ರವೊಂದೇ ಕಾಣಿಸಿಕೊಂಡಿತು. 1998ರಲ್ಲಿ ಲಂಡನ್ನಿನ ಹಳೆ ಒಡವೆ ಅಂಗಡಿಯೊಂದರಲ್ಲಿ ಹಾರದ ಪ್ಲಾಟಿನಂ ಅಸ್ಥಿಪಂಜರ ಕಾರ್ತಿಯೇಯ ಪರಿಣತರ ಕಣ್ಣಿಗೆ ಬಿತ್ತು. ದೊಡ್ಡ ಕಲ್ಲುಗಳನ್ನೆಲ್ಲ ಕಿತ್ತಾಗಿತ್ತು. ಆದರೂ ಇದು ನಮ್ಮ ಮನೆಯದೇ ಎಂದು ಗುರುತು ಸಿಕ್ಕಿತು. ಆ ಸಂಸ್ಥೆ ಅದನ್ನು ಕೊಂಡು, ಖಾಲಿ ಜಾಗಗಳಿಗೆ ಬದಲಿ ಕಲ್ಲುಗಳನ್ನು ಕೂರಿಸಿ ಮತ್ತೆ ನಿಲ್ಲಿಸಿತು. ಕಿತ್ತವರು ತಮಗೆ ಬೆಲೆಬಾಳುವುದನ್ನೆಲ್ಲ ಒಯ್ದಿದ್ದೇವೆ ಎಂದೇ ಅಂದುಕೊಂಡಿರಬೇಕು.

ಎಲ್ಲಿ ಹುಡುಕುವುದು? ಲಂಡನ್ನಿನ ಮೇಫೇರಿನಲ್ಲಿ 1819ರಿಂದ ಇರುವ ಬರ್ಲಿಂಗ್ಟನ್ ಆರ್ಕೇಡ್ ನೋಡಲು ಸೊಗಸು, ಬೆಲೆ ಆ ಸೊಗಸಿನದು. ಹ್ಯಾಟನ್ ಗಾರ್ಡನ್ ವಜ್ರದ ಬೀದಿಯೇ ಆದರೂ ಹೆಚ್ಚಿನದು ಹೊಸ ಮಾಲು. ಶುಕ್ರವಾರ ನಸುಕಿನ ಬರ್ಮಂಡ್ಸಿ ಸಂತೆಗೆ ಒಂದು ವಿಚಿತ್ರ ಚರಿತ್ರೆ ಇದೆ. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಅಲ್ಲಿ ಬಹಿರಂಗವಾಗಿ, ಪ್ರಾಮಾಣಿಕವಾಗಿ ಕೊಂಡ ಮಾಲು ಕದ್ದದ್ದೇ ಆಗಿದ್ದರೂ ಕೊಂಡವನಿಗೇ ಸೇರುತ್ತದೆ ಎಂಬ ಮಧ್ಯಯುಗದ ಕಾನೂನು 1995ರವರೆಗೂ ಜಾರಿಯಲ್ಲಿತ್ತು. ಈಗ ಆ ರಕ್ಷಣೆ ಇಲ್ಲ. ಅದಕ್ಕೇ ರಸೀದಿಯಲ್ಲಿ ಲೋಹ ಯಾವುದು, ಸುಮಾರು ಯಾವ ಕಾಲದ್ದು, ಎಷ್ಟು ಕಲ್ಲು ಬದಲಾಗಿದೆ ಎಂದು ಬರೆಸಿಕೊಳ್ಳದೆ ದುಡ್ಡು ಕೊಡಬೇಡಿ. ಬರೆಯಲು ಹಿಂದೆಗೆದವರ ಹತ್ತಿರ ಮಾತು ಬೆಳೆಸುವ ಅಗತ್ಯವಿಲ್ಲ. ಹರಾಜು ಮನೆಗಳಲ್ಲಿ ಮಾರಾಟಕ್ಕೆ ಮುಂಚಿನ ಪ್ರದರ್ಶನದ ದಿನ ಕೊಳ್ಳದವರೂ ಒಡವೆಯನ್ನು ಕೈಗೆತ್ತಿ ತಿರುವಿ ನೋಡಬಹುದು. ಬಿಟ್ಟಿ ಪಾಠಶಾಲೆ ಅದು. ಕೊಳ್ಳುವುದಾದರೆ ಕೂಗಿದ ಬೆಲೆಯ ಮೇಲೆ ಸುಮಾರು ಕಾಲು ಪಾಲು ಹರಾಜು ಮನೆಯ ಕಮಿಷನ್ ಬೀಳುತ್ತದೆಂದು ಮೊದಲೇ ಲೆಕ್ಕ ಹಾಕಿ.

ಮೊದಲ ಖರೀದಿಗೆ ಉಂಗುರ ಬೇಡ ಎಂಬುದು ನನ್ನ ಹಟ. ಉಂಗುರ ದಿನವೂ ಸವೆಯುತ್ತದೆ, ಅಳತೆ ಬದಲಿಸಲು ಕತ್ತರಿಸಿರುತ್ತಾರೆ, ಪ್ರಾಂಗುಗಳು ತೆಳ್ಳಗಾಗಿ ಕಲ್ಲು ಅಲುಗುತ್ತಿರುತ್ತದೆ. ಬ್ರೂಚು ಅಪರೂಪಕ್ಕೆ ಪೆಟ್ಟಿಗೆಯಿಂದ ಹೊರಬಂದದ್ದು, ಬೆನ್ನು ಹಾಗೇ ಉಳಿದಿರುತ್ತದೆ. ಕೋಟು ತೊಡುವವರೇ ಕಡಿಮೆಯಾಗಿ ಅಲ್ಲಿ ಅದಕ್ಕೆ ಗಿರಾಕಿಗಳು ಕಡಿಮೆ, ಕೆಲಸಕ್ಕೆ ಹೋಲಿಸಿದರೆ ಬೆಲೆಯೂ ಕಡಿಮೆ. ನಮಗೋ ಸೆರಗಿದೆ. ಮೈಸೂರು ರೇಷ್ಮೆ ಕ್ರೇಪಿನ ಮೇಲೆ, ಭುಜದ ನೆರಿಗೆ ಸೇರುವಲ್ಲಿ, ಬಿಳಿ ಪ್ಲಾಟಿನಂ ಒಪ್ಪುವಷ್ಟು ಜರಿಯ ಸೀರೆಯ ಮೇಲೆ ಒಪ್ಪುವುದಿಲ್ಲ. ಹಳೆ ಬ್ರೂಚುಗಳ ಸೂಜಿ ಉಣ್ಣೆಯ ಕೋಟಿಗೆಂದು ಮಾಡಿದ್ದು, ದಪ್ಪ. ರೇಷ್ಮೆಗೆ ನೇರ ಚುಚ್ಚಿದರೆ ತೂತು ಉಳಿಯುತ್ತದೆ. ಸೆರಗಿನ ಒಳಮಗ್ಗುಲಿಗೆ ಬಟ್ಟೆಯ ಒಂದು ತುಂಡು ಕೊಟ್ಟು, ನೆರಿಗೆಗಳನ್ನೆಲ್ಲ ಒಟ್ಟಿಗೆ ಹಿಡಿದು ಚುಚ್ಚಿ, ಸುರಕ್ಷತೆಯ ಸಣ್ಣ ಸರಪಳಿ ಇದ್ದರೆ ಅದನ್ನು ರವಿಕೆಗೆ ಸಿಕ್ಕಿಸಿ.