ಯಾರ ತಪ್ಪು ಎಂದು ಪ್ರಯಾಣಿಕ ಯಾಕೆ ಹೇಳಬೇಕು?

ಎರಡು ಬಸ್ಸುಗಳು ಎದುರುಬದುರು ಡಿಕ್ಕಿಯಾದಾಗ, ಇದರಲ್ಲಿ ನನ್ನ ತಪ್ಪೇನೂ ಇಲ್ಲ ಎಂದು ಎದೆ ತಟ್ಟಿ ಹೇಳಬಲ್ಲವರು ಸೀಟಿನಲ್ಲಿ ಕೂತಿದ್ದ ಪ್ರಯಾಣಿಕರು. ಟಿಕೆಟ್ ಕೊಂಡು ತಮ್ಮ ಜೀವವನ್ನು ಇನ್ನೊಬ್ಬರ ಕೈಗೆ ಒಪ್ಪಿಸಿದವರು ಅವರು. ಆದರೆ ಕಾಲು ಮುರಿದುಕೊಂಡು, ಇಲ್ಲವೇ ಮನೆಯಲ್ಲಿ ದುಡಿಯುತ್ತಿದ್ದವರನ್ನು ಕಳೆದುಕೊಂಡು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದಾಗ, ಅವರಿಗೆ ಎದುರಾಗುವ ಮೊದಲ ವಿವಾದಾಂಶವೇ ಯಾವ ಚಾಲಕನ ಅಜಾಗರೂಕತೆಯಿಂದ ಅಪಘಾತವಾಯಿತು ಎಂಬುದು. ಅದನ್ನು ರುಜುವಾತು ಮಾಡುವ ಹೊರೆಯೂ ಅವರದೇ. ನಮ್ಮ ಕೋರ್ಟುಗಳ ಆವರಣದಲ್ಲಿ ‘ಎಂವಿಸಿ ಕೇಸು’ ಎಂದು ಕರೆಸಿಕೊಳ್ಳುವ ಈ ಮೊಕದ್ದಮೆಗಳಲ್ಲಿ ಕಾನೂನು ಪ್ರಯಾಣಿಕರಿಗೆ ಕೊಟ್ಟಿರುವುದು ಬಹಳ. ಆದರೆ ಕೊಟ್ಟದ್ದರಲ್ಲಿ ಅರ್ಧದಷ್ಟನ್ನು ನಡಾವಳಿ ಕಿತ್ತುಕೊಳ್ಳುತ್ತದೆ ಎನ್ನುವುದು ನನ್ನ ತಕರಾರು.

ಕೊಟ್ಟದ್ದೇನು ಎಂಬುದನ್ನು ಮೊದಲು ನೋಡೋಣ. 2015ರ ಮೇ 7ರಂದು ಸುಪ್ರೀಂ ಕೋರ್ಟು ಖೆನ್ಯೇಯಿ ವಿರುದ್ಧ ನ್ಯೂ ಇಂಡಿಯಾ ಅಶ್ಯೂರೆನ್ಸ್ ಪ್ರಕರಣದಲ್ಲಿ ತೀರ್ಪು ನೀಡಿತು. ಒಂದು ಟ್ರೇಲರ್ ಲಾರಿ ಮತ್ತು ಒಂದು ಬಸ್ಸಿನ ನಡುವಿನ ಅಪಘಾತ ಅದು. ತಪ್ಪಿನಲ್ಲಿ ಮೂರರಲ್ಲಿ ಎರಡು ಪಾಲು ಲಾರಿಯದು, ಒಂದು ಪಾಲು ಬಸ್ಸಿನದು ಎಂದು ನಿರ್ಧಾರವಾಗಿತ್ತು. ಹಾಗಿದ್ದಾಗ ಗಾಯಗೊಂಡವರು ಪೂರ್ತಿ ಪರಿಹಾರವನ್ನು ಒಬ್ಬರಿಂದಲೇ ವಸೂಲು ಮಾಡಬಹುದೇ ಎಂಬುದು ಪ್ರಶ್ನೆ. ಮಾಡಬಹುದು ಎಂದಿತು ನ್ಯಾಯಾಲಯ. ಇಬ್ಬರು ಚಾಲಕರ ತಪ್ಪು ಸೇರಿ ಮೂರನೆಯವನಿಗೆ ಏಟಾದರೆ ಅವನು ಇಬ್ಬರ ಮೇಲಾದರೂ ದಾವೆ ಹೂಡಬಹುದು, ಒಬ್ಬರ ಮೇಲಾದರೂ ಹೂಡಬಹುದು. ಇಡೀ ಮೊತ್ತವನ್ನು ಇಬ್ಬರಲ್ಲಿ ಯಾರಿಂದಲಾದರೂ ಪಡೆಯಬಹುದು. ಯಾರದು ಎಷ್ಟು ಪಾಲು ಎಂಬ ಲೆಕ್ಕ ಆ ಇಬ್ಬರ ನಡುವಿನ ವ್ಯವಹಾರ. ಹೆಚ್ಚು ತೆತ್ತವರು ಆಮೇಲೆ ಇನ್ನೊಬ್ಬರಿಂದ ವಸೂಲು ಮಾಡಿಕೊಳ್ಳಲಿ.

ಕರ್ನಾಟಕದವರಿಗೆ ಇದು ಹೊಸ ಮಾತಾಗಿರಲಿಲ್ಲ. ಕೆಎಸ್‌ಆರ್‌ಟಿಸಿ ವಿರುದ್ಧ ಅರುಣ್ ಅಲಿಯಾಸ್ ಅರವಿಂದ್ ಪ್ರಕರಣದಲ್ಲಿ ನಮ್ಮ ಹೈಕೋರ್ಟಿನ ಪೂರ್ಣ ಪೀಠ ಹತ್ತು ವರ್ಷಕ್ಕೂ ಮೊದಲೇ ಇದೇ ನಿಲುವನ್ನು ತಳೆದಿತ್ತು. ಸುಪ್ರೀಂ ಕೋರ್ಟು ಅದನ್ನು ಒಪ್ಪಿಕೊಂಡಿತು. 2008ರ ಟಿ.ಒ. ಆಂಥೋನಿ ಪ್ರಕರಣವನ್ನೂ ಜೊತೆಗಿಟ್ಟು ಓದಬೇಕು. ಕೇರಳದಲ್ಲಿ ಖಾಸಗಿ ಬಸ್ಸೊಂದು ಅಲ್ಲಿನ ಸಾರಿಗೆ ನಿಗಮದ ಬಸ್ಸಿಗೆ ಡಿಕ್ಕಿಯಾದ ಮೊಕದ್ದಮೆ ಅದು. ಪರಿಹಾರ ಕೇಳಿದವನು ಖಾಸಗಿ ಬಸ್ಸಿನ ಚಾಲಕ. ಅವನೂ ತಪ್ಪಿನಲ್ಲಿ ಪಾಲುದಾರ, ಆದ್ದರಿಂದ ಅವನ ಪಾಲಿನಷ್ಟು ಪರಿಹಾರ ಕಡಿತವಾಗಲೇಬೇಕು ಎಂದಿತು ನ್ಯಾಯಾಲಯ. ಆದರೆ ಹಿಂದಿನ ಸೀಟಿನಲ್ಲಿದ್ದವನಿಗೆ ಆ ಕಡಿತ ಇಲ್ಲ. ಇಷ್ಟು ಸರಳವಾದ ಗೆರೆಯನ್ನೂ ಕೆಲವೊಮ್ಮೆ ಮರೆಯುತ್ತಾರೆ. ಮುಖಾಮುಖಿ ಡಿಕ್ಕಿ ಎಂದ ಕೂಡಲೇ ಐವತ್ತು-ಐವತ್ತು ಎಂದು ಬರೆದು, ಒಂದೇ ಕಡೆಯವರು ಪಕ್ಷಕಾರರಾಗಿದ್ದಾಗ ಉಳಿದರ್ಧವನ್ನು ಪ್ರಯಾಣಿಕನ ಪರಿಹಾರದಲ್ಲೇ ಕತ್ತರಿಸಿದರೆ ಅದು ಮೇಲ್ಮನವಿಗೆ ಹೋಗಿ ಸರಿಯಾಗಬೇಕು. ಆ ವರ್ಷಗಳನ್ನು ಪ್ರಯಾಣಿಕನಿಗೆ ಯಾರೂ ವಾಪಸು ಕೊಡುವುದಿಲ್ಲ.

ಈ ನಿಯಮದಿಂದ ಆಗುವ ಒಂದು ದೊಡ್ಡ ಉಪಕಾರವನ್ನು ವಕೀಲರೂ ಸಾಕಷ್ಟು ಬಳಸಿಕೊಳ್ಳುವುದಿಲ್ಲ ಎಂದು ನನಗನ್ನಿಸುತ್ತದೆ. 2007ರ ಅಂಜನಾ ಶ್ಯಾಮ್ ಪ್ರಕರಣವನ್ನು ನೆನಪಿಸಿಕೊಳ್ಳಿ. ಹಿಮಾಚಲದ ಆ ಬಸ್ಸಿಗೆ 42 ಮಂದಿಗೆ ಮಾತ್ರ ವಿಮೆಯಿತ್ತು. ಅದರಲ್ಲಿದ್ದವರು 90 ಮಂದಿ. ವಿಮಾ ಕಂಪನಿಯ ಹೊಣೆ 42 ಜನರಿಗೆ ಸೀಮಿತ, ಅತಿ ಹೆಚ್ಚಿನ 42 ಪರಿಹಾರಗಳ ಮೊತ್ತವನ್ನು ಕಟ್ಟಿದರೆ ಸಾಕು, ಅದನ್ನೇ ಎಲ್ಲರಿಗೂ ಪ್ರಮಾಣಾನುಸಾರ ಹಂಚಬೇಕು ಎಂದು ತೀರ್ಪಾಯಿತು. ನಮ್ಮ ಹಳ್ಳಿಗಾಡಿನ ಖಾಸಗಿ ಬಸ್ಸುಗಳಲ್ಲಿ ಸಂತೆಯ ದಿನ ಎಷ್ಟು ಜನ ತುಂಬಿರುತ್ತಾರೆ ಎಂದು ಬಲ್ಲವರಿಗೆ ಇದರ ಅಪಾಯ ಗೊತ್ತು. ಆದರೆ ಡಿಕ್ಕಿಯಲ್ಲಿ ಎರಡು ಬಸ್ಸುಗಳಿದ್ದು ತಪ್ಪು ಎರಡೂ ಕಡೆ ಇದ್ದರೆ, ಈ ಬಸ್ಸಿನ ಪ್ರಯಾಣಿಕ ಆ ಬಸ್ಸಿಗೆ ರಸ್ತೆಯ ಮೇಲಿನ ಬೇರೆ ಯಾರಂತೆಯೋ ಹೊರಗಿನವನು. ಸೀಟಿನ ಲೆಕ್ಕದ ಮಿತಿ ಅವನನ್ನು ಅಲ್ಲಿ ತಡೆಯದು. ಎದುರಿನ ಬಸ್ಸಿನ ವಿಮಾ ಕಂಪನಿಯಿಂದಲೇ ಪೂರ್ತಿ ಪರಿಹಾರ ಕೇಳುವ ದಾರಿ ಅವನಿಗೆ ತೆರೆದಿರುತ್ತದೆ.

ಹಾಗಾದರೆ ಕೊರತೆ ಎಲ್ಲಿದೆ? ಆ ‘ಇದ್ದರೆ’ ಎಂಬಲ್ಲಿ ಇದೆ. ಇಬ್ಬರ ತಪ್ಪೂ ಇದೆ ಎಂದು ತೀರ್ಮಾನವಾದ ಮೇಲೆ ಮಾತ್ರ ಯಾರಿಂದಲಾದರೂ ಪಡೆಯುವ ಹಕ್ಕು. ಒಬ್ಬನ ಮೇಲೆ ಮಾತ್ರ ಅರ್ಜಿ ಹಾಕಿ, ತಪ್ಪೆಲ್ಲ ಇನ್ನೊಬ್ಬನದೇ ಎಂದು ಕೊನೆಗೆ ತೀರ್ಪಾದರೆ ಅರ್ಜಿ ವಜಾ. ಆದ್ದರಿಂದ ಇಬ್ಬರು ಮಾಲೀಕರನ್ನೂ ಇಬ್ಬರ ವಿಮಾ ಕಂಪನಿಗಳನ್ನೂ ಎದುರುದಾರರನ್ನಾಗಿ ಮಾಡಲೇಬೇಕು. ಮಾಡಿದ ಕೂಡಲೇ ಮೊಕದ್ದಮೆಯ ಸ್ವರೂಪ ಬದಲಾಗುತ್ತದೆ. ಎರಡೂ ಕಡೆಯ ವಕೀಲರು ಒಬ್ಬರನ್ನೊಬ್ಬರು ದೂರುತ್ತಾರೆ. ಮಹಜರಿನ ನಕ್ಷೆಯಲ್ಲಿ ಯಾವ ಬಸ್ಸಿನ ಚಕ್ರ ರಸ್ತೆಯ ಮಧ್ಯದಿಂದ ಎಷ್ಟು ಅಡಿ ಎಡಕ್ಕಿತ್ತು, ಎಷ್ಟು ಬಲಕ್ಕಿತ್ತು ಎಂದು ತಾರೀಖಿನ ಮೇಲೆ ತಾರೀಖು ಕಳೆಯುತ್ತದೆ. ಖೆನ್ಯೇಯಿ ತೀರ್ಪೇ ಇದಕ್ಕೆ ಎಡೆ ಮಾಡಿಕೊಟ್ಟಿದೆ. ಇಬ್ಬರೂ ಮುಂದಿದ್ದು ಸಾಕಷ್ಟು ಸಾಕ್ಷ್ಯವಿದ್ದರೆ ಪಾಲು ಹಂಚಿಕೆಯನ್ನೂ ಅದೇ ವಿಚಾರಣೆಯಲ್ಲಿ ಮಾಡಬಹುದು, ಅಮಲ್ಜಾರಿಯ ಹಂತದಲ್ಲಿ ಒಬ್ಬರಿಂದೊಬ್ಬರು ವಸೂಲು ಮಾಡಿಕೊಳ್ಳಬಹುದು ಎಂದು ಅದು ಹೇಳುತ್ತದೆ. ಮಾಲೀಕರಿಗೆ ಇನ್ನೊಂದು ದಾವೆ ತಪ್ಪಲಿ ಎಂಬ ಕಾಳಜಿ ಅದರಲ್ಲಿದೆ, ಸರಿ. ಆದರೆ ಆ ಸೌಕರ್ಯದ ಬೆಲೆಯನ್ನು ಕಾಯುತ್ತ ಕೂತ ಪ್ರಯಾಣಿಕ ತೆರುತ್ತಾನೆ. ತೀರ್ಪಿನ ತತ್ವವನ್ನು ನಾನು ಎಷ್ಟು ಮೆಚ್ಚುತ್ತೇನೋ ಅಷ್ಟೇ ಈ ಭಾಗ ನನ್ನನ್ನು ಕಾಡುತ್ತದೆ.

ಇನ್ನು ಸಾಕ್ಷ್ಯ. ಇಲ್ಲಿ ಅನ್ಯಾಯ ಇನ್ನೂ ಆಳವಾಗಿದೆ. ನ್ಯಾಯಮಂಡಳಿ ಹೆಚ್ಚಾಗಿ ನೆಚ್ಚಿಕೊಳ್ಳುವುದು ಪೊಲೀಸರ ದಾಖಲೆಗಳನ್ನು: ಎಫ್‌ಐಆರ್, ಸ್ಥಳ ಮಹಜರು, ಮೋಟಾರು ವಾಹನ ನಿರೀಕ್ಷಕರ ವರದಿ, ದೋಷಾರೋಪ ಪಟ್ಟಿ. ಇವುಗಳಲ್ಲಿ ಒಂದನ್ನು ಬರೆಯುವಾಗಲೂ ಗಾಯಾಳು ಸ್ಥಳದಲ್ಲಿರುವುದಿಲ್ಲ, ಆಸ್ಪತ್ರೆಯಲ್ಲಿರುತ್ತಾನೆ. ಡಿಕ್ಕಿಯಲ್ಲಿ ಒಬ್ಬ ಚಾಲಕ ಸತ್ತು ಇನ್ನೊಬ್ಬ ಬದುಕಿದ್ದರೆ, ದೋಷಾರೋಪ ಸತ್ತವನ ಮೇಲೆ ಬೀಳುವುದು ಸುಲಭ. ಎದುರುತ್ತರ ಕೊಡಲು ಅವನಿಲ್ಲ, ಕ್ರಿಮಿನಲ್ ಮೊಕದ್ದಮೆಯೂ ಅವನ ಸಾವಿನೊಂದಿಗೆ ಮುಗಿದುಹೋಗುತ್ತದೆ. ಬದುಕುಳಿದವನು ಮಾತ್ರ ಸಾಕ್ಷಿ ಕಟ್ಟೆ ಹತ್ತಿ ತನ್ನ ಕಥೆ ಹೇಳುತ್ತಾನೆ. ಆ ಒಂದೇ ಬಾಯಿಯ ಮಾತಿನ ಮೇಲೆ ಎರಡು ಬಸ್ಸುಗಳ ಪ್ರಯಾಣಿಕರ ಭವಿಷ್ಯ ನಿಲ್ಲಬೇಕೇ?

ಪ್ರಯಾಣಿಕನ ಕೈಯಲ್ಲಿ ಬರೆಸುವ ಪ್ರಮಾಣಪತ್ರದ್ದು ಇನ್ನೊಂದು ಕಥೆ. ಮುಖ್ಯ ವಿಚಾರಣೆಯ ಬದಲಿಗೆ ಸಲ್ಲಿಸುವ ಆ ಹಾಳೆಗಳಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು’ ಎಂಬ ಸಾಲು ಇದ್ದೇ ಇರುತ್ತದೆ, ಅರ್ಜಿದಾರ ಅದನ್ನು ಕಂಡಿರಲಿ ಬಿಡಲಿ. ರಾತ್ರಿ ಬಸ್ಸಿನಲ್ಲಿ ಮಲಗಿದ್ದವನಿಗೆ ಏನು ಗೊತ್ತು? ಪಾಟೀಸವಾಲಿನಲ್ಲಿ ಒಂದೇ ಪ್ರಶ್ನೆ ಸಾಕು: ‘ಆಗ ನೀವು ನಿದ್ದೆಯಲ್ಲಿದ್ದಿರಿ ಅಲ್ಲವೇ?’ ಹೌದು ಎಂದ ಕೂಡಲೇ ಅವನು ಹೇಳಿದ ಸತ್ಯಗಳಿಗೂ ಮಸಿ ಹತ್ತುತ್ತದೆ. ನಿದ್ದೆಯಲ್ಲಿದ್ದೆ, ಎಚ್ಚರವಾದಾಗ ಸೀಟಿನ ಅಡಿ ಸಿಕ್ಕಿಕೊಂಡಿದ್ದೆ ಎಂದು ಮೊದಲೇ ಪ್ರಾಮಾಣಿಕವಾಗಿ ಬರೆದಿದ್ದರೆ ಕೇಸು ಗಟ್ಟಿಯಾಗಿಯೇ ಇರುತ್ತಿತ್ತು. ಜಾಗ್ರತೆಯಿಂದ ನಡೆಸಿದ ಬಸ್ಸುಗಳು ಸಾಮಾನ್ಯವಾಗಿ ಒಂದಕ್ಕೊಂದು ಅಪ್ಪಳಿಸುವುದಿಲ್ಲ. ಘಟನೆಯೇ ಮಾತಾಡುವಾಗ ವಿವರಣೆ ಕೊಡಬೇಕಾದವರು ನಡೆಸಿದವರು ಎಂಬ ತತ್ವವನ್ನು ಸುಪ್ರೀಂ ಕೋರ್ಟು 1977ರ ಪುಷ್ಪಾಬಾಯಿ ಉದೇಶಿ ಪ್ರಕರಣದಲ್ಲೇ ಮೋಟಾರು ಅಪಘಾತಕ್ಕೆ ಅನ್ವಯಿಸಿದೆ. ಕ್ರಿಮಿನಲ್ ಕೇಸಿನಲ್ಲಿ ಚಾಲಕ ಖುಲಾಸೆಯಾದರೂ ಪರಿಹಾರಕ್ಕೆ ಅಡ್ಡಿಯಿಲ್ಲ ಎಂದು 1980ರಲ್ಲಿ ಎನ್‌ಕೆವಿ ಬ್ರದರ್ಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಎತ್ತಿ ಹಿಡಿದರು. ಹಿಮಾಚಲದ ಬಿಮ್ಲಾ ದೇವಿ ಪ್ರಕರಣ 2009ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾವುದು ಹೆಚ್ಚು ಸಂಭವನೀಯ ಎಂದು ನೋಡಿದರೆ ಸಾಕು, ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕಿಲ್ಲ ಎಂದಿತು. ಇಷ್ಟೆಲ್ಲ ಇದ್ದೂ ಸುಳ್ಳು ಸಾಲೊಂದನ್ನು ಬರೆಸಿ ಪ್ರಯಾಣಿಕನನ್ನು ಕಟಕಟೆಯಲ್ಲಿ ನಿಲ್ಲಿಸುವ ರೂಢಿ ನಿಲ್ಲಬೇಕು.

ಕಿಟಕಿಯ ಕಟ್ಟೆಯ ಮೇಲೆ ಮೊಣಕೈ ಇಟ್ಟು ಕೂತಿದ್ದವನ ಕೈ, ಎರಡು ಬಸ್ಸುಗಳು ಉಜ್ಜಿಕೊಂಡು ಹೋದಾಗ ತುಂಡಾಗುವುದುಂಟು. ಆಗ ಕೇಳಿಬರುವ ವಾದ: ಕೈ ಹೊರಗಿಟ್ಟದ್ದು ಅವನದೇ ತಪ್ಪು. ಸುಷ್ಮಾ ಮಿತ್ರಾ ಪ್ರಕರಣದಲ್ಲಿ ಮಧ್ಯಪ್ರದೇಶ ಹೈಕೋರ್ಟು 1970ರ ದಶಕದಲ್ಲೇ ಇದಕ್ಕೆ ಉತ್ತರ ಕೊಟ್ಟಿದೆ. ಪ್ರಯಾಣಿಕರು ಹಾಗೆ ಕೂರುವುದು ವಾಡಿಕೆ, ಅದನ್ನು ಊಹಿಸಿ ಅಂತರ ಬಿಟ್ಟು ಹೋಗುವುದು ಚಾಲಕನ ಕರ್ತವ್ಯ. ಸೆಕೆಯ ದಿನ ಕಿಟಕಿ ಪಕ್ಕ ಕೂತ ಯಾರನ್ನಾದರೂ ನೋಡಿದರೆ ಈ ಮಾತಿನ ವಿವೇಕ ಅರ್ಥವಾಗುತ್ತದೆ.

ಸರ್ಕಾರಿ ಬಸ್ಸಿನ ವಿಚಾರ ಸ್ವಲ್ಪ ಬೇರೆ. ರಾಜ್ಯ ಸಾರಿಗೆ ಸಂಸ್ಥೆಗಳು ಸ್ವಂತ ನಿಧಿ ಇಟ್ಟುಕೊಂಡರೆ ಅವಕ್ಕೆ ಕಡ್ಡಾಯ ವಿಮೆಯಿಂದ ವಿನಾಯಿತಿ ಸಿಗಲು ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನಲ್ಲಿ ಅವಕಾಶವಿದೆ. ಹಾಗಾಗಿ ಅಲ್ಲಿ ಹಣ ಕೊಡಬೇಕಾದ್ದು ನಿಗಮವೇ. ಹಣ ಕಟ್ಟುವುದು ತಡವಾದಾಗ ಕೋರ್ಟ್ ಅಮೀನರು ನಿಲ್ದಾಣಕ್ಕೇ ಬಂದು ಬಸ್ ಜಪ್ತಿ ಮಾಡಿದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ತೀರ್ಪು ಗೆದ್ದವರು ಅಲ್ಲಿಯವರೆಗೆ ಹೋಗಬೇಕಾಗುವುದು ನೋವಿನ ಸಂಗತಿ. ಶಕ್ತಿ ಯೋಜನೆಯಲ್ಲಿ ಪಯಣಿಸುವ ಹೆಣ್ಣುಮಕ್ಕಳಿಗೆ ಒಂದು ಮಾತು: ಶೂನ್ಯ ದರದ ಆ ಚೀಟಿಯನ್ನು ಇಳಿಯುವ ತನಕ ಎಸೆಯಬೇಡಿ. ಆ ಬಸ್ಸಿನಲ್ಲಿ ನೀವಿದ್ದಿರಿ ಎಂಬುದಕ್ಕೆ ಅದೇ ನಿಮ್ಮ ಕೈಯಲ್ಲಿರುವ ದಾಖಲೆ.

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ವ್ಯವಸ್ಥೆ ಈ ಹೊರೆಯನ್ನು ಇಳಿಸಲು ಮಾಡಿದ ಪ್ರಾಮಾಣಿಕ ಪ್ರಯತ್ನ. 48 ಗಂಟೆಯೊಳಗೆ ಪೊಲೀಸರ ಮೊದಲ ವರದಿ, 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ವಿವರವಾದ ವರದಿ ನ್ಯಾಯಮಂಡಳಿಗೆ ತಲುಪಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದರ ಪಾಲನೆಗೆ ನಿರ್ದೇಶನಗಳನ್ನೂ ಕೊಟ್ಟಿತು. ಯಾರ ತಪ್ಪೆಂದು ಕೇಳದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಕೊಡುವ 164ನೇ ಕಲಮೂ ಕಾಯ್ದೆಯ ತಿದ್ದುಪಡಿಯ ಮೂಲಕ ಬಂತು. ಎಳೆಯ ಮಕ್ಕಳಿರುವ ಸಂಸಾರದ ದುಡಿಮೆಗಾರ ಹೋದಾಗ 5 ಲಕ್ಷ ಯಾವ ಮೂಲೆಗೆ? ಅದಕ್ಕಿಂತ ಹೆಚ್ಚು ಬೇಕೆಂದರೆ ಮತ್ತೆ 166ನೇ ಕಲಮು, ಮತ್ತೆ ಅದೇ ರುಜುವಾತು. ಒಂದು ಕೈಯಲ್ಲಿ ಕೊಡುತ್ತಲೇ ಅರ್ಜಿಗೆ ಆರು ತಿಂಗಳ ಗಡುವನ್ನೂ ಅದೇ ತಿದ್ದುಪಡಿ ಮರಳಿ ತಂದಿದೆ. ಅದರ ಸಿಂಧುತ್ವ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದೆ. ಮೂಳೆ ಕೂಡಿಕೊಳ್ಳುವ ಮೊದಲೇ ಗಡುವು ಮುಗಿಯುವಂಥ ನಿಯಮಕ್ಕೆ ನನ್ನ ಮಟ್ಟಿಗೆ ಯಾವ ಸಮರ್ಥನೆಯೂ ಇಲ್ಲ.

ಪರಿಹಾರಕ್ಕೆ ಹೊಸ ಕಾಯ್ದೆ ಬೇಕಿಲ್ಲ. 2019ರ ಜನವರಿ 1ರಿಂದ ನೋಂದಣಿಯಾಗುವ ಸಾರ್ವಜನಿಕ ಸೇವಾ ವಾಹನಗಳಿಗೆ ಸ್ಥಳ ಪತ್ತೆ ಸಾಧನವನ್ನು ಕಡ್ಡಾಯ ಮಾಡಲಾಗಿದೆ. ಬಸ್ಸು ಎಷ್ಟು ಹೊತ್ತಿಗೆ ಎಲ್ಲಿತ್ತು, ಯಾವ ವೇಗದಲ್ಲಿ ಚಲಿಸುತ್ತಿತ್ತು ಎಂಬ ಮಾಹಿತಿ ಹುಟ್ಟುವುದು ಮಾಲೀಕರ ವಾಹನದಲ್ಲೇ. ಚಾಲಕ ಸತತ ಎಷ್ಟು ಗಂಟೆ ಡ್ಯೂಟಿಯಲ್ಲಿದ್ದ ಎಂಬ ಪುಸ್ತಕವೂ ಡಿಪೊದಲ್ಲಿರುತ್ತದೆ. ಒಬ್ಬರಿಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಅವರೇ ರುಜುವಾತು ಮಾಡಬೇಕು ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 109ನೇ ಕಲಮು ಹೇಳುತ್ತದೆ. ಇದ್ದ ದಾಖಲೆಯನ್ನು ಹಾಜರುಪಡಿಸದಿದ್ದರೆ ಅದು ತಮಗೆ ಪ್ರತಿಕೂಲವಾಗಿತ್ತೆಂದೇ ಭಾವಿಸಬಹುದು ಎಂದು 119ನೇ ಕಲಮು. ಸಂಕ್ಷಿಪ್ತ ವಿಚಾರಣೆಯ ವಿಧಾನವನ್ನು ತಾನೇ ರೂಪಿಸಿಕೊಳ್ಳುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 169ನೇ ಕಲಮು ನ್ಯಾಯಮಂಡಳಿಗೆ ಕೊಟ್ಟಿದೆ. ಈ ಮೂರನ್ನೂ ಕೂಡಿಸಿದರೆ ದಾರಿ ಸ್ಪಷ್ಟವಿದೆ. ಬಸ್ಸಿನಲ್ಲಿದ್ದೆ, ಡಿಕ್ಕಿಯಾಯಿತು, ಗಾಯವಾಯಿತು ಎಂದು ಪ್ರಯಾಣಿಕ ತೋರಿಸಿದರೆ ಸಾಕಾಗಲಿ. ನಾವು ತಪ್ಪು ಮಾಡಿಲ್ಲ ಎನ್ನುವ ಮಾಲೀಕರು ಮೊದಲ ತಾರೀಖಿಗೇ ಆ ದಾಖಲೆಗಳನ್ನು ತಂದಿಡಲಿ. ತರದಿದ್ದರೆ ಇಬ್ಬರೂ ಹೊಣೆ ಎಂದು ಭಾವಿಸಿ ಪರಿಹಾರದ ತೀರ್ಪಾಗಲಿ, ಹಣ ಕೈ ಸೇರಲಿ. ಪಾಲಿನ ಲೆಕ್ಕ ಆಮೇಲೆ ಮಾಲೀಕರ ನಡುವೆ ನಡೆಯಲಿ. ಆ ತಾರೀಖುಗಳಿಗೆ ಪ್ರಯಾಣಿಕ ಬರಬೇಕಾಗಿಲ್ಲ.