ಫೋನಿನ ಸರದಿ ಬರುವವರೆಗೆ

ಮಲಗುವ ಕೋಣೆಯಲ್ಲಿ ಫೋನಿನ ಪರದೆಯ ಮೇಲೆ ಚಕ್ರ ಸುತ್ತತೊಡಗಿದರೆ ಮನೆಮಂದಿಯ ಮೊದಲ ಅನುಮಾನ ಬೀಳುವುದು ಇಂಟರ್ನೆಟ್ ಕೊಡುವ ಕಂಪನಿಯ ಮೇಲೆ. ನೂರು ಎಂಬಿಪಿಎಸ್ ಪ್ಲಾನ್ ಸಾಲದು, ಇನ್ನೂರಕ್ಕೆ ಹೋಗೋಣ ಎಂಬ ತೀರ್ಮಾನ ಅದೇ ಸಂಜೆ ಆಗಿಬಿಡುತ್ತದೆ. ತಿಂಗಳ ಬಿಲ್ಲು ಏರುತ್ತದೆ, ಚಕ್ರ ಮಾತ್ರ ಮೊದಲಿನಂತೆಯೇ ಸುತ್ತುತ್ತಿರುತ್ತದೆ. ಫೈಬರ್ ಸಂಪರ್ಕ ಇರುವ ಮನೆಗಳ ಬಗ್ಗೆ ನನ್ನ ವಾದ ಇಷ್ಟು: ರಸ್ತೆಯ ಕಂಬದಿಂದ ಮನೆವರೆಗೆ ಸಲೀಸಾಗಿ ಬಂದ ನೆಟ್ ಬಹುಮಟ್ಟಿಗೆ ಸೊರಗುವುದು ರೂಟರಿನಿಂದ ಅಂಗೈಗೆ ಬರುವ ಕೊನೆಯ ಇಪ್ಪತ್ತು ಮೂವತ್ತು ಅಡಿಯಲ್ಲಿ. ಅಲ್ಲಿ ಕೊರತೆಯಾಗುವ ವಸ್ತುವಿನ ಹೆಸರು ಹೊತ್ತು. ಫೋನಿಗೆ ಮಾತಾಡಲು ಸರದಿ ಸಿಗಬೇಕು, ಸಿಕ್ಕ ಸರದಿಯಲ್ಲಿ ಅದು ಬೇಗ ಮಾತು ಮುಗಿಸಬೇಕು. ಈ ಎರಡರ ಲೆಕ್ಕ ನೋಡದೆ ಪ್ಲಾನ್ ಏರಿಸುವುದು ಹೊಟ್ಟೆನೋವಿಗೆ ಹಣೆಗೆ ಪಟ್ಟು ಹಾಕಿದಂತೆ.

ವೈಫೈ ಮೂಲತಃ ರೇಡಿಯೊ. ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರ ಮಾತೂ ಕೆಡುತ್ತದೆ. ರೂಟರಿಗೂ ಇದೇ ನಿಯಮ. ತಾನು ಕಳಿಸುತ್ತಿರುವಾಗ ಅದೇ ಚಾನೆಲ್‌ನಲ್ಲಿ ಬೇರೆಯವರದನ್ನು ಕೇಳಿಸಿಕೊಳ್ಳಲು ಅದಕ್ಕಾಗದು. ಈ ಪದ್ಧತಿಯ ಬೇರು ಇರುವುದು ಹವಾಯಿ ದ್ವೀಪಗಳಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ದ್ವೀಪಗಳ ಕಂಪ್ಯೂಟರ್‌ಗಳನ್ನು ರೇಡಿಯೊ ಮೂಲಕ ಬೆಸೆದರು. ಅವರ ಅಲೋಹಾನೆಟ್‌ನಲ್ಲಿ ಯಾರು ಬೇಕಾದರೂ ಯಾವಾಗ ಬೇಕಾದರೂ ಕಳಿಸಬಹುದಿತ್ತು. ಡಿಕ್ಕಿಯಾದರೆ ಸ್ವಲ್ಪ ಬಿಟ್ಟು ಮತ್ತೆ ಕಳಿಸುವುದು. ಹೀಗೆ ಮಾಡಿದರೆ ಚಾನೆಲ್‌ನ ಹೊತ್ತಿನಲ್ಲಿ ಹೆಚ್ಚೆಂದರೆ ಶೇ. 18ರಷ್ಟು ಮಾತ್ರ ಕೆಲಸಕ್ಕೆ ಬರುತ್ತದೆ ಎಂದು ಗಣಿತ ತೋರಿಸಿಕೊಟ್ಟಿತು. 1997ರಲ್ಲಿ ಬಂದ ವೈಫೈನ ಮೊದಲ ಮಾನದಂಡ ಇದಕ್ಕೊಂದು ಶಿಸ್ತು ಸೇರಿಸಿತು. ಮೊದಲು ಕಿವಿಗೊಟ್ಟು ಕೇಳಬೇಕು, ಸದ್ದಿಲ್ಲದಿದ್ದರೆ ಇನ್ನೂ ಕೆಲವು ಮೈಕ್ರೊಸೆಕೆಂಡ್ ಕಾಯಬೇಕು, ಆಮೇಲೆ ಕಳಿಸಬೇಕು. ತಲುಪಿತೆಂಬ ರಸೀದಿ ಆ ಕಡೆಯಿಂದ ಬರದಿದ್ದರೆ ಕಾಯುವ ಅವಧಿಯನ್ನು ಹಿಗ್ಗಿಸಿಕೊಂಡು ಅದನ್ನೇ ಮತ್ತೆ ಕಳಿಸಬೇಕು. ಈ ಸಾಲನ್ನು ನಿಭಾಯಿಸುವ ಯಜಮಾನ ಯಾರೂ ಇಲ್ಲ. ಪಕ್ಕದ ಫ್ಲ್ಯಾಟಿನ ರೂಟರ್ ಅದೇ ಚಾನೆಲ್‌ನಲ್ಲಿದ್ದರೆ ಅದರ ಮಾತು ಮುಗಿಯುವವರೆಗೆ ನಮ್ಮ ಫೋನ್ ಕಾಯಲೇಬೇಕು. ಆ ಮನೆಯವರು ಊರಿಗೆ ಹೋಗಿದ್ದರೂ ಅವರ ರೂಟರ್ ತನ್ನ ಹೆಸರನ್ನು ಸೆಕೆಂಡಿಗೆ ಸುಮಾರು ಹತ್ತು ಸಲ ಕೂಗುತ್ತಲೇ ಇರುತ್ತದೆ.

ಇಷ್ಟೇ ಆಗಿದ್ದರೆ ಸಾಲು ಉದ್ದವಿದ್ದರೂ ಸಾಗುತ್ತಿತ್ತು. ನಿಜವಾದ ತೊಂದರೆ ಇರುವುದು ನಿಧಾನವಾಗಿ ಮಾತಾಡುವವರಲ್ಲಿ. ಸಿಗ್ನಲ್ ಚೆನ್ನಾಗಿದ್ದಾಗ ಫೋನು ಮತ್ತು ರೂಟರ್ ಸೆಕೆಂಡಿಗೆ 300 ಮೆಗಾಬಿಟ್‌ನಂತೆ ಮಾತಾಡಬಲ್ಲವು. ಸಿಗ್ನಲ್ ಕ್ಷೀಣಿಸಿದಂತೆ, ತಪ್ಪಾಗದಿರಲೆಂದು ಒಂದೊಂದೇ ಅಕ್ಷರ ಬಿಡಿಸಿ ಹೇಳುವವರ ಹಾಗೆ ಅವು ವೇಗವನ್ನು ಇಳಿಸಿಕೊಳ್ಳುತ್ತ 6 ಮೆಗಾಬಿಟ್‌ವರೆಗೂ ಬರುತ್ತವೆ. ಅದೇ ಫೋಟೊ, ಅದೇ ಅಳತೆ, ಆದರೆ ಗಾಳಿಯಲ್ಲಿ ಹಿಡಿಯುವ ಹೊತ್ತು ಐವತ್ತು ಪಟ್ಟು. ಅಷ್ಟು ಹೊತ್ತೂ ಮನೆಯ ಉಳಿದ ಸಾಧನಗಳು ಬಾಯಿ ಮುಚ್ಚಿಕೊಂಡು ಕೂರಬೇಕು. ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು 2003ರಲ್ಲಿಯೇ ಇದನ್ನು ತೋರಿಸಿದ್ದರು. 11 ಮೆಗಾಬಿಟ್ ವೇಗದ ಕಂಪ್ಯೂಟರ್‌ಗಳ ನಡುವೆ 1 ಮೆಗಾಬಿಟ್‌ನದೊಂದು ಸೇರಿಕೊಂಡರೆ ಎಲ್ಲವೂ ಆ ಒಂದರ ಮಟ್ಟಕ್ಕೆ, ಅದಕ್ಕೂ ಕೆಳಕ್ಕೆ, ಇಳಿದುಬಿಡುತ್ತಿದ್ದವು. ಏಕೆಂದರೆ ನಿಯಮ ಸಮನಾಗಿ ಹಂಚುವುದು ಸರದಿಯನ್ನು, ಆ ಸರದಿ ಎಷ್ಟು ಹೊತ್ತು ಹಿಡಿಯಬೇಕೆಂಬುದಕ್ಕೆ ಅದು ಕೈಹಾಕುವುದಿಲ್ಲ. ಈಗಿನ ಒಳ್ಳೆಯ ರೂಟರ್‌ಗಳು ಹೊತ್ತನ್ನೇ ಅಳೆದು ಹಂಚಲು ನೋಡುತ್ತವೆ, ವೈಫೈ 6 ಬಂದಮೇಲೆ ಒಂದೇ ಸರದಿಯಲ್ಲಿ ಹಲವು ಫೋನ್‌ಗಳನ್ನು ಕೂಡಿಸುವ ಉಪಾಯವೂ ಇದೆ. ಅದರ ಲಾಭ ಸಿಗಬೇಕಾದರೆ ಫೋನೂ ಆ ಪೀಳಿಗೆಯದಾಗಿರಬೇಕು. ಹಾಗಾಗಿ ಹಿಂಬದಿ ಕೋಣೆಯಲ್ಲಿ ಯಾರೋ ನೋಡುತ್ತಿರುವ ವಿಡಿಯೊ ನಿಂತುಹೋಗುವುದನ್ನು ಅವರೊಬ್ಬರ ಕಷ್ಟವೆಂದು ಬಿಡುವಂತಿಲ್ಲ. ಹಾಲಿನಲ್ಲಿ ರೂಟರ್ ಪಕ್ಕವೇ ಕುಳಿತವರ ನೆಟ್ಟನ್ನೂ ಅದೇ ಎಳೆಯುತ್ತಿರುತ್ತದೆ.

ಇದರಲ್ಲಿ ಫೋನಿನ ಪಾಡು ಲ್ಯಾಪ್‌ಟಾಪಿನದಕ್ಕಿಂತ ಕಷ್ಟದ್ದು. ಬೆರಳುದ್ದದ ಆಂಟೆನಾ, ಬ್ಯಾಟರಿ ಉಳಿಸಬೇಕಾದ ಚಿಂತೆ, ಮೇಲಿಂದ ಹಿಡಿದ ಕೈ. ನಮ್ಮ ಮೈಯಲ್ಲಿ ನೀರೇ ಹೆಚ್ಚು. ಈ ಅಲೆಗಳನ್ನು ನೀರು ಚೆನ್ನಾಗಿ ಹೀರಿಕೊಳ್ಳುತ್ತದೆ. ಫೋನನ್ನು ಅಡ್ಡ ಹಿಡಿದು ಎರಡೂ ಅಂಗೈಯಲ್ಲಿ ಅಂಚು ಮುಚ್ಚಿಕೊಂಡು ಆಟವಾಡುವವರು ತಮಗೆ ಗೊತ್ತಿಲ್ಲದೆ ಆಂಟೆನಾವನ್ನೇ ಹಿಸುಕಿರುತ್ತಾರೆ. ಇದಕ್ಕಿಂತ ಮುಖ್ಯವಾದದ್ದು ದನಿಯ ವ್ಯತ್ಯಾಸ. ರೂಟರ್ ಗೋಡೆಯ ಪ್ಲಗ್ಗಿನಿಂದ ಕರೆಂಟು ತಿಂದು ಗಟ್ಟಿಯಾಗಿ ಮಾತಾಡುತ್ತದೆ, ಫೋನ್ ಮೆಲ್ಲಗೆ ಉತ್ತರಿಸುತ್ತದೆ. ಪರದೆಯ ಮೂಲೆಯಲ್ಲಿ ಕಾಣುವ ಕಡ್ಡಿಗಳು ಹೇಳುವುದು ರೂಟರಿನ ದನಿ ನಮಗೆಷ್ಟು ಕೇಳುತ್ತಿದೆ ಎಂಬುದನ್ನು ಮಾತ್ರ. ನಮ್ಮ ದನಿ ಅಲ್ಲಿಗೆ ಮುಟ್ಟುತ್ತಿದೆಯೇ ಎಂಬುದು ಅವುಗಳಿಗೆ ಗೊತ್ತಿಲ್ಲ. ರಸೀದಿ ತಲುಪದೆ ಅದೇ ಮಾಹಿತಿಯ ಪೊಟ್ಟಣ ಮತ್ತೆ ಮತ್ತೆ ಓಡಾಡುತ್ತದೆ, ಕಡ್ಡಿಗಳು ಮಾತ್ರ ತುಂಬಿ ನಿಂತಿರುತ್ತವೆ. ಸಿಗ್ನಲ್‌ನ ಬಲ ಹೇಳುವ ಡಿಬಿಎಂ ಅಂಕಿಯೂ ರೂಟರಿನ ದನಿಯನ್ನೇ ಅಳೆಯುತ್ತದೆ, ಆದರೂ ಕಡ್ಡಿ ಎಣಿಸುವುದಕ್ಕಿಂತ ಅದನ್ನು ನೋಡುವುದು ಮೇಲು. ಯಾವುದಾದರೂ ವೈಫೈ ಅನಲೈಸರ್ ಆ್ಯಪ್ ಅದನ್ನು ತೋರಿಸುತ್ತದೆ. ಮೈನಸ್ 50ರ ಆಸುಪಾಸು ಬಲು ಚೆನ್ನು, ಮೈನಸ್ 67ರವರೆಗೆ ವಿಡಿಯೊ ಕರೆ ನೆಮ್ಮದಿಯಾಗಿ ನಡೆಯುತ್ತದೆ, ಮೈನಸ್ 80 ಎಂದರೆ ಪರದಾಟ. ಹತ್ತು ಅಂಕಿ ಕೆಳಗಿಳಿಯಿತೆಂದರೆ ಸಿಗ್ನಲ್ ಹತ್ತರಲ್ಲೊಂದು ಪಾಲಾಯಿತೆಂದು ಅರ್ಥ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್. ಗೋಡೆಗಳಿಗೆ ಬಡಿದು ಮರಳಿದ ಅಲೆಗಳು ಒಂದನ್ನೊಂದು ಅಳಿಸಿಹಾಕುವ ಜಾಗದಲ್ಲಿ ಫೋನಿದ್ದರೆ, ನಾಲ್ಕು ಬೆರಳಿನಷ್ಟು ಪಕ್ಕಕ್ಕೆ ಸರಿಸಿದರೂ ಅಂಕಿ ಜಿಗಿಯುವುದನ್ನು ಕಣ್ಣಾರೆ ನೋಡಬಹುದು.

ಈಗ ರೂಟರ್ ಎಲ್ಲಿ ಕೂತಿದೆ ನೋಡೋಣ. ಅಪಾರ್ಟ್‌ಮೆಂಟ್‌ಗಳಲ್ಲಿ ಫೈಬರ್ ಎಳೆ ಒಳಬರುವುದು ಮುಂಬಾಗಿಲ ಪಕ್ಕ. ಅಲ್ಲಿಯೇ, ಚಪ್ಪಲಿ ಗೂಡಿನ ಮೇಲಿರುವ ತಗಡಿನ ಪೆಟ್ಟಿಗೆಯೊಳಗೆ ಆ ಬಿಳಿ ಡಬ್ಬಿಯನ್ನು ಕೂರಿಸಿ, ಅಂದ ಕೆಡಬಾರದೆಂದು ಬಾಗಿಲು ಮುಚ್ಚಿರುತ್ತಾರೆ. ತಗಡು ರೇಡಿಯೊ ಅಲೆಯನ್ನು ದಾಟಗೊಡುವುದಿಲ್ಲ. ಸಂದುಗೊಂದಿನಿಂದ ನುಸುಳಿ ಬಂದದ್ದೇ ಮನೆಗೆಲ್ಲ ವೈಫೈ. ಸ್ವಂತ ಮನೆಗಳಲ್ಲಿ ಟಿವಿಯ ಬೆನ್ನಿಗೆ, ಕಬ್ಬಿಣದ ಬೀರುವಿನ ಮರೆಗೆ, ಆಳೆತ್ತರದ ಕನ್ನಡಿಯ ಹಿಂದೆ ಇಟ್ಟಿರುತ್ತಾರೆ. ಕನ್ನಡಿಯ ಬೆನ್ನಿಗೂ ಲೋಹದ ಲೇಪ ಇದೆ. ಮಹಡಿಗೆ ಹೋಗಬೇಕಾದರೆ ಸರಳು ಕಟ್ಟಿದ ಆರ್‌ಸಿಸಿ ಚಾವಣಿ ದಾಟಬೇಕು. ಕರಾವಳಿಯ ಕಡೆಯ ಹಳೆ ಮನೆಗಳ ದಪ್ಪ ಮುರಕಲ್ಲಿನ ಗೋಡೆ, ಅದರಲ್ಲೂ ಮಳೆಗಾಲದ ತೇವ ಕುಡಿದದ್ದು, 5 ಗಿಗಾಹರ್ಟ್ಸ್‌ನ ಅಲೆಯನ್ನು ಬಹುಪಾಲು ನುಂಗಿಬಿಡುತ್ತದೆ. ಡಬ್ಬಿಯನ್ನು ಪೆಟ್ಟಿಗೆಯಿಂದ ಈಚೆ ತೆಗೆದು, ಎದೆಮಟ್ಟಕ್ಕಿಂತ ಮೇಲೆ, ಮನೆಯ ನಡುಭಾಗಕ್ಕೆ ಆದಷ್ಟು ಹತ್ತಿರ ಇಡುವುದಕ್ಕೆ ಬೇಕಾಗುವುದು ಒಂದಷ್ಟು ಮೀಟರ್ ಕೇಬಲ್. ಪ್ಲಾನ್ ಏರಿಸಿದರೆ ಸಿಗದ ಫಲ ಅದರಿಂದ ಸಿಗುತ್ತದೆ.

ತಪ್ಪು ಯಾರದೆಂದು ನಿರ್ಧರಿಸಲು ಒಂದು ಪರೀಕ್ಷೆ ಇದೆ, ಅದನ್ನು ಮಾಡದೆ ಯಾರನ್ನೂ ದೂರಬಾರದು. ಫೋನನ್ನು ರೂಟರಿನಿಂದ ಐದಾರು ಅಡಿ ದೂರದಲ್ಲಿ, ಎದುರಿಗೆ ಕಾಣುವಂತೆ ಹಿಡಿದು ವೇಗ ಅಳೆಯಬೇಕು. ಆಮೇಲೆ ನೆಟ್ ಸೊರಗುವ ಜಾಗಕ್ಕೆ ಹೋಗಿ ಅಳೆಯಬೇಕು. ರಾತ್ರಿ ಒಂಬತ್ತರ ಹೊತ್ತಿಗೊಮ್ಮೆ, ಬೆಳಿಗ್ಗೆ ಆರಕ್ಕೊಮ್ಮೆ. ಹತ್ತಿರದಲ್ಲಿ ಪೂರ್ತಿ ಬಂದು ದೂರದಲ್ಲಿ ಬಿದ್ದರೆ ಕಂಪನಿ ನಿರಪರಾಧಿ. ಹತ್ತಿರದಲ್ಲೂ ಬಾರದಿದ್ದರೆ ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿ ನೋಡಬೇಕು. ಅಲ್ಲೂ ಬಾರದಿದ್ದರೆ ದೂರು ಕೊಡುವುದು ನ್ಯಾಯ. ತಿಂಗಳ ಡೇಟಾ ಮಿತಿ ಮುಗಿದು ವೇಗ ಇಳಿಸಿರಬಹುದು, ಫೈಬರ್ ಎಳೆ ಮಡಚಿ ಬೆಳಕು ಸೋರುತ್ತಿರಬಹುದು. ಅಂಥ ಪ್ರಕರಣಗಳು ಇಲ್ಲವೆಂದು ನಾನು ಹೇಳುತ್ತಿಲ್ಲ. ಈ ಪರೀಕ್ಷೆಯ ಅಂಕಿಗಳು ಕೈಯಲ್ಲಿದ್ದರೆ ಕಸ್ಟಮರ್ ಕೇರ್‌ನವರಿಗೂ ‘ರೂಟರ್ ಆಫ್ ಮಾಡಿ ಆನ್ ಮಾಡಿ’ ಎಂದು ಹೇಳಿ ಕೈತೊಳೆದುಕೊಳ್ಳುವುದು ಕಷ್ಟವಾಗುತ್ತದೆ.

ಒಂದೇ ಜಾಗ, ಒಂದೇ ವೈಫೈ, ಮಗಳ ಫೋನಿನಲ್ಲಿ ಓಡುವುದು ಅಪ್ಪನ ಫೋನಿನಲ್ಲಿ ಏಕೆ ತೆವಳುತ್ತದೆ ಎಂದು ಕೇಳಬಹುದು. ಅಗ್ಗದ, ಹಳೆಯ ಫೋನ್‌ಗಳಲ್ಲಿ ಹಲವಕ್ಕೆ ಇರುವುದು ಒಂದೇ ಆಂಟೆನಾ, ಒಂದೇ 2.4 ಗಿಗಾಹರ್ಟ್ಸ್ ಪಟ್ಟಿ. ಅಂಥದ್ದಕ್ಕೆ ಸಾಮಾನ್ಯ ಚಾನೆಲ್‌ನಲ್ಲಿ ಸಿಗಬಹುದಾದ ಗರಿಷ್ಠ ಲಿಂಕ್ ವೇಗ 72 ಮೆಗಾಬಿಟ್. ರಸೀದಿ, ಕಾಯುವಿಕೆ ಎಲ್ಲ ಕಳೆದು ಕೈಗೆ ಬರುವುದು ನಲವತ್ತರಿಂದ ಐವತ್ತು. ಸಾವಿರ ಎಂಬಿಪಿಎಸ್ ಪ್ಲಾನ್ ಹಾಕಿಸಿದರೂ ಆ ಫೋನಿಗೆ ಅದೇ ಗತಿ. ಆಂಡ್ರಾಯ್ಡ್‌ನಲ್ಲಿ ವೈಫೈ ಹೆಸರಿನ ಮೇಲೆ ಒತ್ತಿ ಲಿಂಕ್ ಸ್ಪೀಡ್ ಎಂಬ ಸಾಲು ಹುಡುಕಿದರೆ ಗುಟ್ಟು ಬಯಲಾಗುತ್ತದೆ: 72 ಎಂಬ ಅಂಕಿ ಕಂಡರೆ ಅಪ್ಪನ ಫೋನ್ ಒಂದೇ ಆಂಟೆನಾದಲ್ಲಿ 2.4ರ ಪಟ್ಟಿ ಹಿಡಿದಿದೆ. 433 ಅಥವಾ 866 ಇದ್ದರೆ ಮಗಳದು 5 ಗಿಗಾಹರ್ಟ್ಸ್‌ನಲ್ಲಿದೆ.

ಆ ಎರಡು ಪಟ್ಟಿಗಳ ನಡುವಿನ ಆಯ್ಕೆಯೂ ಸರದಿಯ ಪ್ರಶ್ನೆಯೇ. 2.4ರ ಪಟ್ಟಿಯ ಒಟ್ಟು ಅಗಲ 83.5 ಮೆಗಾಹರ್ಟ್ಸ್. ಹದಿಮೂರು ಚಾನೆಲ್ ಇವೆಯೆಂದು ಮೆನು ತೋರಿಸಿದರೂ ಒಂದೊಂದಕ್ಕೆ ಇಪ್ಪತ್ತು ಬೇಕು, ನಡುವಿನ ಅಂತರ ಐದೇ. ಒಂದಕ್ಕೊಂದು ತಾಗದೆ ನಿಲ್ಲುವುದು 1, 6, 11 ಮೂರೇ. ಜನಜಂಗುಳಿ ತಪ್ಪಿಸಲು 3 ಅಥವಾ 4ನ್ನು ಆರಿಸಿಕೊಂಡವರು ಎರಡೂ ಕಡೆಯ ಗದ್ದಲವನ್ನು ಮೈಮೇಲೆ ಎಳೆದುಕೊಳ್ಳುತ್ತಾರೆ: ಅರ್ಧಂಬರ್ಧ ಕೇಳಿಸುವ ಮಾತಿಗೆ ಸರದಿ ಕಾಯಲೂ ಬರುವುದಿಲ್ಲ, ಅದು ಬರೀ ಗಲಾಟೆಯಾಗುತ್ತದೆ. ಬ್ಲೂಟೂತ್ ಇರುವುದೂ ಇಲ್ಲೇ, ಮೈಕ್ರೊವೇವ್ ಒಲೆ ಸೋರುವುದೂ ಇಲ್ಲೇ. 5 ಗಿಗಾಹರ್ಟ್ಸ್‌ನಲ್ಲಿ ಭಾರತ ಸರ್ಕಾರ 2018ರಲ್ಲಿ 605 ಮೆಗಾಹರ್ಟ್ಸ್‌ನಷ್ಟನ್ನು ಪರವಾನಗಿ ಇಲ್ಲದ ಬಳಕೆಗೆ ಬಿಟ್ಟಿತು. ಅದು ಮನೆ ವೈಫೈಗೆ ಸಿಕ್ಕ ದೊಡ್ಡ ಉಡುಗೊರೆ. ಗೋಡೆ ದಾಟುವ ಕಸುವು ಅದಕ್ಕೆ ಕಡಿಮೆ. ಆದರೆ ಪಕ್ಕದ ಮನೆಯ ಗೋಡೆಯನ್ನೂ ಅದು ಕಷ್ಟಪಟ್ಟೇ ದಾಟಬೇಕು, ಹಾಗಾಗಿ ನಮ್ಮ ಸಾಲಿನಲ್ಲಿ ನೆರೆಹೊರೆಯವರು ಕಡಿಮೆಯಾಗುತ್ತಾರೆ. ದೌರ್ಬಲ್ಯವೆಂದು ಬೈಸಿಕೊಳ್ಳುವ ಆ ಗುಣವೇ ಅಪಾರ್ಟ್‌ಮೆಂಟಿನಲ್ಲಿ ವರ. ಫೋನ್ ತಾನಾಗಿ 2.4ಕ್ಕೇ ಅಂಟಿಕೊಳ್ಳುತ್ತಿದ್ದರೆ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು, 5ರ ಹೆಸರನ್ನೇ ಹಿಡಿಯುವಂತೆ ಮಾಡಬೇಕು. ಟಿವಿಯನ್ನು ಕೇಬಲ್‌ಗೆ ಹಾಕಿಬಿಟ್ಟರೆ ಸಾಲಿನಿಂದ ಅತಿ ದೊಡ್ಡ ಗಿರಾಕಿಯೇ ಎದ್ದುಹೋದಂತೆ.

ಇನ್ನೊಂದು ತಕರಾರು ಗಟ್ಟಿಯಾದದ್ದು. ವೈಫೈ ಆರಿಸಿ ಮೊಬೈಲ್ ಡೇಟಾ ಹಾಕಿದ ಕೂಡಲೇ ಎಲ್ಲ ಸರಾಗವಾಗುತ್ತದಲ್ಲ, ಅದೂ ಗಾಳಿಯೇ ತಾನೆ? ಗಾಳಿಯೇ, ಆದರೆ ಅಲ್ಲಿ ಸಾಲಿಗೊಬ್ಬ ಯಜಮಾನ ಇದ್ದಾನೆ. ಯಾವ ಫೋನ್ ಯಾವ ಮಿಲಿಸೆಕೆಂಡಿನಲ್ಲಿ ಮಾತಾಡಬೇಕೆಂದು ಟವರ್ ನಿರ್ಧರಿಸುತ್ತದೆ, ಆ ತರಂಗಾಂತರವನ್ನು ಕಂಪನಿ ಹರಾಜಿನಲ್ಲಿ ಕೊಂಡು ತನಗೇ ಇಟ್ಟುಕೊಂಡಿದೆ. ಆದ್ದರಿಂದ ಈ ತಕರಾರು ನನ್ನ ವಾದಕ್ಕೆ ಬಲ ಕೊಡುತ್ತದೆ. ಜೊತೆಗೆ, ಫೋನಿನ ಮೆಮೊರಿ ತುಂಬಿಯೋ ಆ್ಯಪ್ ಕೆಟ್ಟೋ ಹೀಗಾಗುತ್ತಿಲ್ಲವೆಂಬುದೂ ಅಲ್ಲಿಗೆ ಖಾತ್ರಿಯಾಯಿತು.

ವೇಗದ ಪರೀಕ್ಷೆಯಲ್ಲಿ ಅಂಕಿ ಚೆನ್ನಾಗಿ ಬಂದರೂ ವಿಡಿಯೊ ಕರೆ ಕಡಿದು ಹೋಗುವುದನ್ನು ಹೇಗೆ ವಿವರಿಸುವುದು? ಇಲ್ಲಿ ಸಾಲು ಗಾಳಿಯಿಂದ ರೂಟರಿನ ಹೊಟ್ಟೆಗೆ ಬಂದಿರುತ್ತದೆ. ಯಾರದೋ ಫೋನ್ ಪ್ರವಾಸದ ಫೋಟೊಗಳನ್ನು ಕ್ಲೌಡ್‌ಗೆ ಏರಿಸುತ್ತಿದ್ದರೆ ಆ ಪೊಟ್ಟಣಗಳೆಲ್ಲ ರೂಟರಿನ ಸ್ಮೃತಿಯಲ್ಲಿ ಗುಡ್ಡೆ ಬೀಳುತ್ತವೆ, ಕರೆಯ ದನಿ ಅವುಗಳ ಹಿಂದೆ ನಿಲ್ಲುತ್ತದೆ. ಈ ಕಾಯಿಲೆಗೆ ಬಫರ್‌ಬ್ಲೋಟ್ ಎಂಬ ಹೆಸರನ್ನು ಜನಜನಿತಗೊಳಿಸಿದವರು ಜಿಮ್ ಗೆಟಿಸ್. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಅದಕ್ಕೆ ಕೋಡೆಲ್ ಎಂಬ ಮದ್ದು ಕೊಟ್ಟರು. ರೂಟರಿನಲ್ಲಿ ಈ ಸಾಲನ್ನು ನಿಭಾಯಿಸುವ ಕ್ಯೂಒಎಸ್ ಎಂಬ ಆಯ್ಕೆ ಇದ್ದರೆ ಹಾಕಬೇಕು, ಫೋಟೊ ಬ್ಯಾಕಪ್ಪನ್ನು ರಾತ್ರಿಗೆ ದೂಡಬೇಕು. ಕಣ್ಣಿಡಬೇಕಾದ್ದು ಎಂಬಿಪಿಎಸ್ ಪಕ್ಕದಲ್ಲಿ ಚಿಕ್ಕದಾಗಿ ಬರೆದ ಪಿಂಗ್, ಅಂದರೆ ಉತ್ತರ ಮರಳಲು ಹಿಡಿಯುವ ಹೊತ್ತಿನ ಮೇಲೆ: ಸುಮ್ಮನಿದ್ದಾಗ 10 ಮಿಲಿಸೆಕೆಂಡ್ ಇದ್ದದ್ದು ಅಪ್‌ಲೋಡ್ ನಡೆಯುವಾಗ 300ಕ್ಕೆ ಹಾರಿದರೆ ಗುಡ್ಡೆ ಬಿದ್ದಿದೆ.

ಎಕ್ಸ್‌ಟೆಂಡರ್ ಕೊಂಡರೆ ಎಲ್ಲ ಸರಿಹೋದೀತೆಂಬ ನಂಬಿಕೆಯನ್ನು ನಾನು ಒಪ್ಪಲಾರೆ. ಅಗ್ಗದ ಎಕ್ಸ್‌ಟೆಂಡರ್ ಕೇಳಿದ್ದನ್ನೆಲ್ಲ ಅದೇ ಚಾನೆಲ್‌ನಲ್ಲಿ ಮತ್ತೊಮ್ಮೆ ಹೇಳುತ್ತದೆ; ಒಂದು ಮಾತಿಗೆ ಎರಡು ಸರದಿ ಖರ್ಚು. ಕಡ್ಡಿ ತುಂಬುತ್ತದೆ, ಹೊತ್ತು ಅರ್ಧವಾಗುತ್ತದೆ. ಮೇಲಾಗಿ ಯಾವ ಡಬ್ಬಿಯನ್ನು ಹಿಡಿಯಬೇಕೆಂದು ತೀರ್ಮಾನಿಸುವುದು ಫೋನೇ. ಹಾಲಿನ ರೂಟರಿಗೆ ಅಂಟಿಕೊಂಡ ಫೋನ್ ಮಹಡಿ ಹತ್ತಿದ ಮೇಲೂ ಅದನ್ನೇ ಹಿಡಿದು ಜೋತಾಡಬಹುದು. ವೈಫೈ ಒಮ್ಮೆ ಆರಿಸಿ ಹಾಕಿದರೆ ಮಾತ್ರ ಬಿಡುತ್ತದೆ. ಮಹಡಿಗೆ ಬೇಕಾದದ್ದು ಕೇಬಲ್ ಮೂಲಕ ನೆಟ್ ಪಡೆಯುವ ಎರಡನೆಯ ವೈಫೈ ಡಬ್ಬಿ, ಬೇರೆ ಚಾನೆಲ್‌ನಲ್ಲಿ. ಕಟ್ಟಿ ಮುಗಿದ ಮನೆಯಲ್ಲಿ ಆ ಕೇಬಲ್ ಎಳೆಯುವುದು ಗೋಡೆ ಕೊರೆಯುವ ಕೆಲಸ, ಅದಕ್ಕೇ ಯಾರೂ ಕೈಹಾಕುವುದಿಲ್ಲ. ಈಗ ಮನೆ ಕಟ್ಟಿಸುತ್ತಿರುವವರು ಪ್ಲಾಸ್ಟರಿಂಗ್‌ಗೆ ಮುಂಚೆ ಎಲೆಕ್ಟ್ರಿಷಿಯನ್‌ಗೆ ಹೇಳಿ, ಮುಂಬಾಗಿಲಿನಿಂದ ಹಾಲಿನ ಚಾವಣಿಗೊಂದು, ಅಲ್ಲಿಂದ ಪ್ರತಿ ಮಹಡಿಯ ಪಡಸಾಲೆಗೊಂದು ಖಾಲಿ ಪೈಪು ಹಾಕಿಸಲಿ; ಕರೆಂಟಿನ ತಂತಿಯ ಪೈಪಿನಿಂದ ದೂರವಾಗಿ, ಒಳಗೆ ಎಳೆದಾರವೊಂದನ್ನು ಬಿಟ್ಟು.