ಗೋಡೆ ಮೇಲಿನ ಫಾರ್ಮಾಸಿಸ್ಟ್

ದೇವರಮನೆ ಕಡೆಯವರು ಮಾತ್ರೆ ಬೇಕಂದ್ರೆ ಘಟ್ಟ ಇಳಿದು ಪೇಟೆಗೇ ಹೋಗಬೇಕು. ಹೋದ ಮಳೆಗಾಲ ಅಮ್ಮನ ಬಿಪಿ ಮಾತ್ರೆಗೆ ನಾನೂ ಹೋಗಿದ್ದೆ. ಅಂಗಡಿ ಹುಡುಗ ಚೀಟಿ ಕೇಳಲಿಲ್ಲ. "ಎಷ್ಟು ಬೇಕಣ್ಣ?" ಅಂದ. ಆರು ಅಂದೆ. ಕತ್ತರಿಸಿ ಕೊಟ್ಟ. ಎಕ್ಸ್‌ಪೈರಿ ಅಚ್ಚಾಗಿದ್ದ ತುದಿ ಅವನ ಡಬ್ಬಿಯಲ್ಲೇ ಉಳೀತು, ಬಿಲ್ಲೂ ಇಲ್ಲ. ಕೇಳಿದ್ರೆ "ಹೊಸಾ ಸ್ಟಾಕ್ ಅಣ್ಣ" ಅಂತಾನೆ.

ಹುಡುಗ ಒಳ್ಳೆಯವನೇ. ಜಡಿಮಳೆಯಲ್ಲೂ ರಾತ್ರಿವರೆಗೆ ಅಂಗಡಿ ತೆಗೆದಿರ್ತಾನೆ, ಉದ್ರಿ ಕೊಡ್ತಾನೆ. ಆದರೆ ವೈದ್ಯರ ಚೀಟಿಯ ಔಷಧಿ ಕೊಡೋದು ನೋಂದಾಯಿತ ಫಾರ್ಮಾಸಿಸ್ಟ್ ಕೆಲಸ ಅಂತ 1948ರ ಫಾರ್ಮಸಿ ಕಾಯ್ದೆಯೇ ಹೇಳುತ್ತೆ. ಅವರ ಸರ್ಟಿಫಿಕೇಟು ಗೋಡೆ ಮೇಲೆ ಫ್ರೇಮಿನಲ್ಲಿದೆ. ಅವರನ್ನು ನಾನು ಒಮ್ಮೆಯೂ ನೋಡಿಲ್ಲ. ನಮ್ಮ ಆಫೀಸಲ್ಲಿ ಒಂದು ಸಾಲು ಕೋಡ್ ಬದಲಿಸಿದರೂ ಇನ್ನೊಬ್ಬ ನೋಡಲೇಬೇಕು. ಇಲ್ಲಿ ಅಮ್ಮನ ಮಾತ್ರೆಗೆ ಆ ಎರಡನೇ ಕಣ್ಣಿಲ್ಲ.

ಇನ್ಸುಲಿನ್ ಕಥೆ ಇನ್ನೂ ಕಷ್ಟ. ಅದು 2ರಿಂದ 8 ಡಿಗ್ರಿಯಲ್ಲಿ ಇರಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟು ಎರಡು ದಿನ ಇರಲ್ಲ. ಫ್ರಿಜ್ಜಿನೊಳಗೆ ಥರ್ಮಾಮೀಟರ್ ಇದ್ಯಾ ಅಂದೆ. ಹುಡುಗ ನಕ್ಕ.

ಮನೆಗೆ ಬಂದ್ರೆ ಅಮ್ಮ ಆ ಆರನ್ನೂ ಹಳೇ ತುಂಡುಗಳಿದ್ದ ಡಬ್ಬಿಗೇ ಹಾಕಿದ್ಲು. ಯಾವುದು ಯಾವತ್ತಿಂದು ಅಂತ ಇನ್ನು ಯಾರನ್ನ ಕೇಳೋದು?